ಕಾಲೂರಲು ಒಂದು ಮಣೆ

ನನ್ನ ಬಾಯಿ ಜೋರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಹೇಳುವುದು ಸುಲಭವಾಗುತ್ತದೆ.

ದೇವನಹಳ್ಳಿ ಕಡೆ ವಿಮಾನ ನಿಲ್ದಾಣದ ಕೆಲಸ ನಡೆಯುತ್ತಿದ್ದ ಕಾಲ. ನನ್ನ ಗಂಡ ಅಲ್ಲಿಗೆ ಜಲ್ಲಿ ಸಾಗಿಸುವ ಲಾರಿ ಓಡಿಸುತ್ತಿದ್ದರು. ಹಳೇ ಮನೆ ಕೆಡವಿ ಹೊಸದು ಕಟ್ಟಿಸಿದಾಗ ನಾನು ಹಟ ಹಿಡಿದು ಕಮೋಡ್ ಹಾಕಿಸಿದೆ. ನಮ್ಮೂರಿಗೆ ಅದೇ ಮೊದಲನೆಯದು. ಮನೆ ನೋಡಲು ಬಂದ ಹೆಂಗಸರಿಗೆ ಅಡುಗೆಮನೆಗಿಂತ ಮೊದಲು ಅದನ್ನೇ ತೋರಿಸುತ್ತಿದ್ದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಿಡಿದ ಕೊಡೆ ಅದು.

ಅಲ್ಲಿಯವರೆಗೆ ನನ್ನ ಮಗಳನ್ನು ಕಕ್ಕಸಿಗೆ ಕೂರಿಸುತ್ತಿದ್ದವರು ನನ್ನ ಅತ್ತೆ. ಹಿತ್ತಲಿನಲ್ಲಿ ಕಾಲು ಚಾಚಿ ಕುಳಿತು, ತಮ್ಮ ಪಾದಗಳ ಮೇಲೆ ಮಗುವನ್ನು ಕುಕ್ಕರಗಾಲಿನಲ್ಲಿ ಕೂರಿಸಿಕೊಂಡು, ಅದರ ಕೈ ಹಿಡಿದು ಏನೋ ಕಥೆ ಹೇಳುತ್ತಿದ್ದರು. ಕಥೆ ಮುಗಿಯುವುದರೊಳಗೆ ಕೆಲಸವೂ ಮುಗಿಯುತ್ತಿತ್ತು.

ಹೊಸ ಮನೆಯಲ್ಲಿ ಅದನ್ನು ನಿಲ್ಲಿಸಿದೆ. ಕಮೋಡಿನ ಮೇಲೆ ಕೂತರೆ ಮೂರು ತುಂಬದ ಮಗುವಿನ ಕಾಲುಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಒಳಗೆ ಬಿದ್ದುಬಿಡುವ ಭಯಕ್ಕೆ ಎರಡು ಕೈಯಲ್ಲೂ ಅಂಚು ಹಿಡಿದು ಮೈಯೆಲ್ಲ ಬಿಗಿ ಮಾಡಿಕೊಳ್ಳುತ್ತಿದ್ದಳು. ಮೊದಲು ದಿನ ಬಿಟ್ಟು ದಿನ, ಆಮೇಲೆ ನಾಲ್ಕು ದಿನಕ್ಕೊಮ್ಮೆ. ನಾನು ಹಟಮಾರಿ ಎಂದು ಬೈದೆ, ತೊಡೆಗೆ ಹೊಡೆದೆ ಕೂಡ. ಹೊಡೆದಷ್ಟೂ ಅವಳು ತಡೆದುಕೊಳ್ಳುವುದನ್ನು ಕಲಿತಳು.

ಒಂದು ಬೆಳಿಗ್ಗೆ ಬಾಗಿಲು ತೆಗೆದರೆ, ಅತ್ತೆ ಕಮೋಡಿನ ಮುಂದೆ ಊಟದ ಮಣೆ ಎರಡನ್ನು ಒಂದರ ಮೇಲೊಂದು ಇಟ್ಟು ಮಗುವಿನ ಪಾದಗಳನ್ನು ಅದರ ಮೇಲೆ ಊರಿಸಿದ್ದರು. ಸ್ನಾನವಾಗದೆ ಒಲೆ ಮುಟ್ಟದ ಹೆಂಗಸು ಅವರು. ಊಟದ ಮಣೆಯನ್ನು ಅಲ್ಲಿಗೆ ತರಲು ಅವರಿಗೆಷ್ಟು ಸಂಕಟವಾಗಿರಬೇಕು ಎಂದು ನನಗೆ ಹೊಳೆಯಲಿಲ್ಲ.

"ಉಣ್ಣೋ ಮಣೆ ಕಕ್ಕಸಿಗೆ ಹಾಕಿದ್ದೀರಲ್ಲ, ಬುದ್ಧಿ ನೆಟ್ಟಗಿದ್ಯಾ ನಿಮ್ಗೆ?" ಅಂದೆ.

"ಕಾಲಿಗೆ ನೆಲ ಸಿಗ್ದೆ ಕೂಸು ಹೆಂಗೆ ತಿಣುಕ್ತದೆ ಕಣಮ್ಮ? ಮಂಡಿ ಮೇಲಕ್ಕೆ ಬಂದ್ರೆ ಸಲೀಸಾಗಿ ಹೋಗ್ತದೆ," ಅಂದರು.

ನಾನು ಮಣೆಗಳನ್ನು ಅಂಗಳಕ್ಕೆ ಎಸೆದೆ. ಒಂದು ಸೀಳಿತು. "ನನ್ನ ಮಗಳನ್ನ ನಾನ್ ನೋಡ್ಕೋತೀನಿ" ಅಂದೆ. ಅತ್ತೆ ಸಂಜೆ ಬಸ್ಸಿಗೆ ದೊಡ್ಡಬೆಳವಂಗಲದ ತಮ್ಮ ಮಗಳ ಮನೆಗೆ ಹೊರಟುಹೋದರು. ಕರೆದುಕೊಂಡು ಬರೋಣ ಎಂದು ಗಂಡ ಹೇಳಿದಾಗಲೆಲ್ಲ "ಇರ್ಲಿ ಬಿಡಿ, ಇನ್ನೊಂದ್ ನಾಲ್ಕು ದಿನ" ಎನ್ನುತ್ತಿದ್ದೆ.

ತಿಂಗಳಾಯಿತು. ಒಂದು ದಿನ ಮಗಳ ಚಡ್ಡಿಯಲ್ಲಿ ರಕ್ತ ಕಂಡು ಮಕ್ಕಳ ಡಾಕ್ಟರ ಬಳಿ ಓಡಿದೆ. ಅವರು ಮಲ ಮೆತ್ತಗಾಗಲು ಔಷಧಿ ಬರೆದರು. ನೀರು, ಸೊಪ್ಪು, ಹಣ್ಣು ಕೊಡಿ ಎಂದರು. ಆಮೇಲೆ, "ಕೂತಾಗ ಕಾಲು ಎಲ್ಲಿರ್ತವಮ್ಮ?" ಎಂದು ಕೇಳಿದರು. ನೇತಾಡುತ್ತವೆ ಎಂದೆ.

"ಕಾಲ ಕೆಳಗೆ ಅಲ್ಲಾಡದಂಗೆ ಒಂದು ಸ್ಟೂಲ್ ಇಡಿ. ಮಂಡಿ ಸೊಂಟಕ್ಕಿಂತ ಮೇಲಿರ್ಲಿ, ಸ್ವಲ್ಪ ಮುಂದಕ್ಕೆ ಬಾಗಿ ಕೂರ್ಲಿ. ಊಟ ಆದ್ಮೇಲೆ ಕೂರ್ಸಿ. ಬೈಬೇಡಿ."

ಅತ್ತೆ ಹೇಳಿದ್ದೂ ಇದನ್ನೇ. ನನಗೆ ತಲೆ ಎತ್ತಲಾಗಲಿಲ್ಲ.

ಭಾನುವಾರ ಹೋಗಿ ಕಾಲಿಗೆ ಬಿದ್ದು ಕರೆತರುತ್ತೇನೆ ಎಂದು ಗಂಡನಿಗೆ ಹೇಳಿದೆ. ಶುಕ್ರವಾರ ಮಧ್ಯಾಹ್ನ ಫೋನ್ ಬಂತು. ಕಡಲೆಕಾಯಿ ಬಿಡಿಸುತ್ತ ಕೂತಿದ್ದ ಅತ್ತೆ ಹಾಗೇ ಗೋಡೆಗೆ ಒರಗಿದರಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನನ್ನ ಮಗುವನ್ನು ಕೂರಿಸಿಕೊಂಡ ಆ ಪಾದಗಳಿಗೆ ಬಿದ್ದೆ. ತಣ್ಣಗಿದ್ದವು.

ಕಾರ್ಯವೆಲ್ಲ ಮುಗಿಸಿ ಹೊರಟಾಗ ನನ್ನ ಗಂಡನ ತಂಗಿ ಒಂದು ಹೊಸ ಮಣೆ ತಂದುಕೊಟ್ಟಳು. ಹಲಸಿನ ಮರದ್ದು, ಗೇಣೆತ್ತರದ್ದು. ಅಂಚನ್ನೆಲ್ಲ ಉಜ್ಜಿ ನುಣುಪು ಮಾಡಿದ್ದರು.

"ಅಮ್ಮ ಆಚಾರಿ ಹತ್ರ ಕೂತು ಮಾಡ್ಸಿದ್ದು ಅತ್ತಿಗೆ, ಮಗೀಗೆ ಕಾಲೂರಕ್ಕೆ. 'ಉಣ್ಣೋ ಮಣೆ ಇಟ್ಟಿದ್ದು ನಂದೇ ತಪ್ಪು, ಇದು ಬೇರೇದು, ಇದಕ್ಕೆ ಅವಳು ಬೈಯಲ್ಲ' ಅಂತಿದ್ಲು."

ದಾರಿಯುದ್ದಕ್ಕೂ ಆ ಮಣೆ ನನ್ನ ಮಡಿಲಲ್ಲಿತ್ತು. ಅಳು ನಿಲ್ಲಲಿಲ್ಲ.

ಮಾರನೆಯ ದಿನ ಊಟವಾದ ಮೇಲೆ ಮಗಳನ್ನು ಕೂರಿಸಿ ಮಣೆ ಇಟ್ಟೆ. ಅವಳು ಕಾಲೂರಿದಳು, ಅಂಚು ಹಿಡಿದಿದ್ದ ಕೈ ಬಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕೈ ಹಿಡಿದು, "ಅಜ್ಜಿ ಹೇಳೋ ಕಥೆ ಹೇಳು" ಅಂದಳು.

ಅದು ಯಾವ ಕಥೆ ಎಂದು ನನಗೆ ಗೊತ್ತಿರಲಿಲ್ಲ. ಒಂದು ದಿನವೂ ನಾನು ನಿಂತು ಕೇಳಿರಲಿಲ್ಲ.