ಏಳನೆಯ ಕೆರೆಗೆ ಪದವಿಲ್ಲ

ಮೊನ್ನೆ ಮದ್ದೂರಿನ ಗಿರಣಿಯಲ್ಲಿ ಯಾರೋ ಅರಿಸಿನದ ಕೊಂಬು ಪುಡಿ ಮಾಡಿಸುತ್ತಿದ್ದರು. ಆ ಘಾಟು ಮೂಗಿಗೆ ಹತ್ತಿದ್ದೇ ತಡ, ನಮ್ಮ ಪಕ್ಕದ ಮನೆಯ ಅಜ್ಜಿ ನೆನಪಾದಳು. ಹಲಗೂರಿನ ಆಚೆಯ ನಮ್ಮೂರಲ್ಲಿ ಯಾರ ಮನೆಯ ಮದುವೆಯಾದರೂ ಅರಿಸಿನ ಕುಟ್ಟುವ ಶಾಸ್ತ್ರಕ್ಕೆ ಅವಳೇ ಬರಬೇಕಿತ್ತು. ಒನಕೆ ಹಿಡಿದು ನಿಂತಳೆಂದರೆ ಹಾಡು ತಾನಾಗಿ ಬರುತ್ತಿತ್ತು…

ಅದರಲ್ಲೊಂದು, ಹಿಂದೆ ನಮ್ಮ ಸೀಮೆ ಆಳಿದ ಪಾಳೇಗಾರನ ಹಾಡು. ಅವನ ಆಸ್ಥಾನದ ಕವಿ ಕಟ್ಟಿದ್ದಂತೆ. ದೊರೆಯ ಕೆರೆಗಳನ್ನು ಒಂದೊಂದಾಗಿ ಹೊಗಳುತ್ತ ಹೋಗುತ್ತದೆ. ಆರು ಕೆರೆ ಮುಗಿದ ಮೇಲೆ ಅಜ್ಜಿ ಒಂದು ಸಾಲಿನಷ್ಟು ಹೊತ್ತು ಸುಮ್ಮನೆ ಕುಟ್ಟುತ್ತಿದ್ದಳು. ಆಮೇಲೆ ನೇರ ಎಂಟನೆಯದಕ್ಕೆ ಹೋಗುತ್ತಿದ್ದಳು.

ಆಗಷ್ಟೇ ಬಿ.ಎ. ಮುಗಿಸಿದ್ದ ನಾನು ಅವಳ ಹಾಡುಗಳನ್ನೆಲ್ಲ ಬರೆದುಕೊಂಡು ಪುಸ್ತಕ ಮಾಡುತ್ತಿದ್ದೆ. ವಯಸ್ಸಾಯಿತು, ಪಾಪ, ಮರೆತಿದ್ದಾಳೆ ಅಂದುಕೊಂಡು ಏಳನೆಯ ಕೆರೆಗೆ ನಾನೇ ಒಂದು ಸಾಲು ಹೊಸೆದೆ. ಮಳವಳ್ಳಿಯ ಕಾರ್ಯಕ್ರಮಕ್ಕೆಂದು ಊರ ಹುಡುಗಿಯರಿಗೆ ಅದನ್ನು ಕಲಿಸಿಯೂಬಿಟ್ಟೆ. ವೇದಿಕೆಯಲ್ಲಿ ಅವರು ಆ ಸಾಲು ಹಾಡುತ್ತಿದ್ದಂತೆ, ಪಕ್ಕದಲ್ಲೇ ಕುಟ್ಟುತ್ತಿದ್ದ ಅಜ್ಜಿಯ ಒನಕೆ ನಿಂತಿತು. ಮತ್ತೆ ಮೇಲೇಳಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು, "ಅದ್ಯಾರವ್ವ ಆ ಪದ ಸೇರ್ಸಿದ್ದು?"

"ನಾನೇ ಕಣಜ್ಜಿ. ನೀನು ಮರ್ತಿದ್ಯಲ್ಲ, ಅದ್ಕೆ."

"ಮರೆಯೋಕೆ ನಂಗೇನು ಬಂದದೆ? ಅಲ್ಲಿ ಪದವೇ ಇಲ್ಲ ಕಣವ್ವ. ಆ ಕೆರೆ ತೋಡಿದ್ದು ನಮ್ಮೂರೋರು. ಅದ್ಕೂ ನನ್ನೆಸ್ರಲ್ಲೇ ಪದ ಕಟ್ಟು ಅಂದ ದೊರೆ. ಕವಿ ಉಣ್ಣೋದು ಅರಮನೆ ಅನ್ನ, ಆಗಲ್ಲ ಅನ್ನಂಗಿಲ್ಲ. ಅಲ್ಲಿಗೆ ಬರೀ ಒನ್ಕೆ ಸದ್ದು ಬುಟ್ಟ."

"ದೊರೆಗೆ ಗೊತ್ತಾಗ್ನಿಲ್ವಾ?"

"ಕುಟ್ಟೋ ಸದ್ದಲ್ಲಿ ನಿಮ್ಗೆ ಕೇಳುಸ್ನಿಲ್ಲ ಬುದ್ಧಿ, ಅಂತಿದ್ರಂತೆ ಹೆಂಗುಸ್ರು" ಎಂದು ನಕ್ಕಳು. ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. "ನಾನು ಸತ್ಮೇಲೆ ಎಲ್ರೂ ನಿನ್ ಪುಸ್ತಕಾನೇ ಓದೋದು. ಓದ್ದೋರು ಕೆರೆ ದೊರೆದು ಅಂತಾರೆ. ನಮ್ಮವ್ವ, ನಮ್ಮಜ್ಜಿ ಎಲ್ಲ ಬಾಯ್ಮುಚ್ಕಂಡು ಕುಟ್ಟಿದ್ದು ದಂಡ ಆಯ್ತದೆ."

ಮರುದಿನ ಮೊದಲ ಬಸ್ಸಿಗೇ ಮಂಡ್ಯದ ಪ್ರೆಸ್ಸಿಗೆ ಓಡಿದೆ. ಪುಸ್ತಕ ಇನ್ನೇನು ಅಚ್ಚಿಗೆ ಹೋಗುವುದರಲ್ಲಿತ್ತು. ಏಳನೆಯ ಕೆರೆಯ ಸಾಲು ತೆಗೆದು ಆ ಜಾಗ ಖಾಲಿ ಬಿಡಿ ಅಂದೆ. "ಖಾಲಿ ಬುಟ್ರೆ ನಮ್ದೇ ತಪ್ಪು ಅಂತಾರೆ ಕಣಮ್ಮ. ಒಂದು ಹೂವಿನ ಚಿತ್ರನಾದ್ರೂ ಹಾಕ್ಲಾ?" ಎಂದರು ಪ್ರೆಸ್ಸಿನವರು. ಹೂವೂ ಬೇಡ ಅಂದೆ.

ಪುಸ್ತಕ ಬಂದ ದಿನ ಅಜ್ಜಿಗೆ ಕೊಟ್ಟೆ. ಅವಳಿಗೆ ಓದಲು ಬಾರದು. ಬೆರಳು ಹಿಡಿದು ಆ ಖಾಲಿ ಜಾಗದ ಮೇಲಿಟ್ಟೆ. ಎರಡು ಸಲ ಸವರಿ ನೋಡಿದಳು.

"ಚೆನ್ನಾಗಿ ಬರ್ದಿದ್ದೀಯ ಬುಡು" ಅಂದಳು. ಎಷ್ಟೋ ಮಂದಿಯಿಂದ ಹೊಗಳಿಸಿಕೊಂಡಿದ್ದೇನೆ. ಅಷ್ಟು ಖುಷಿ ಮತ್ತೆ ಸಿಕ್ಕಿಲ್ಲ…

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಊರಿನವರು ಇವತ್ತಿಗೂ ಆ ಏಳನೆಯ ಕೆರೆಯನ್ನು ನಮ್ಮ ಕೆರೆ ಅಂತಲೇ ಅನ್ನುತ್ತಾರೆ. ಮೊನ್ನೆ ಗಿರಣಿಯಿಂದ ಮನೆಗೆ ಬಂದವಳೇ ಆ ಪುಸ್ತಕ ತೆಗೆದು ಓದುತ್ತ ಕೂತೆ. ಅದೇ ಕವಿಯ ಇನ್ನೊಂದು ಹಾಡಿತ್ತು, ದೊರೆಯ ಮಗಳ ಮದುವೆಯದು. ಅದರ ನಡುವೆಯೂ ಅಜ್ಜಿ ಒಂದು ಕಡೆ ಬಾಯಿ ಮುಚ್ಚಿ ಕುಟ್ಟುತ್ತಿದ್ದುದು ಆಗ ನೆನಪಾಯಿತು. ಅಲ್ಲಿಯೂ ನಾನೊಂದು ಸಾಲು ಹೊಸೆದು ತುಂಬಿದ್ದೆ. ಅದು ಹಾಗೆಯೇ ಅಚ್ಚಾಗಿದೆ. ಅಲ್ಲಿ ಏನನ್ನು ಹೇಳದೆ ಬಿಟ್ಟಿದ್ದರೋ… ಅವಳಿದ್ದಾಗ ನಾನು ಕೇಳಲಿಲ್ಲ.