ಮೂರನೆಯವರಿಗೂ ಧನ್ಯವಾದ

ಇವತ್ತು ಮಧ್ಯಾಹ್ನ ಮೊಬೈಲು ಟಿಂಗ್ ಎಂದಿತು. ಬೆಳಗ್ಗೆ ಗುಮಾಸ್ತೆ ಕೆಲಸದ ಸಂದರ್ಶನಕ್ಕೆ ಬಂದಿದ್ದ ಹುಡುಗಿ. ‘ನಿಮಗೆ ಮೂವರಿಗೂ ತುಂಬ ಧನ್ಯವಾದಗಳು’ ಎಂದು ಕಳಿಸಿದ್ದಳು. ಪಾಪ, ಕೇಳಿದ್ದಕ್ಕೆಲ್ಲ ‘ತಿಳ್ಕೊಂಡು ಹೇಳ್ತೀನ್ರಿ’ ಅಂದವಳು. ಅವಳ ಹೆಸರಿನ ಮುಂದೆ ಆಗಲೇ ಅಡ್ಡಗೆರೆ ಎಳೆದಿದ್ದೆ. ಮೆಸೇಜಿಗೆಲ್ಲಿಯ ವಾಸನೆ ಅನ್ನಬೇಡಿ, ನನ್ನ ಮೂಗಿಗೆ ಮಾತ್ರ ಘಮ್ಮನೆ ಅರಿಶಿನ ಬಡಿಯಿತು.

ಅದಕ್ಕೆ ಕಾರಣ ನಮ್ಮವ್ವ. ಇಪ್ಪತ್ತು ವರ್ಷದ ಹಿಂದೆ ಕಮಲಾಪುರದಿಂದ ಬಸ್ಸು ಹಿಡಿದು, ಸೇಡಂ ರಸ್ತೆಯ ಒಂದು ಕಾಲೇಜಿಗೆ ನಾನೂ ಇಂಥದೇ ಸಂದರ್ಶನಕ್ಕೆ ಹೋಗಿದ್ದೆ. ಎದುರಿಗೆ ಮೂವರು. ಇಬ್ಬರು ಪ್ರಶ್ನೆ ಕೇಳಿ ಜೀವ ತಿಂದರು. ಮೂರನೆಯವರು ಮೀಸೆ ಒರೆಸಿಕೊಳ್ಳುತ್ತ ಚಹಾ ಕುಡಿದರು, ಅಷ್ಟೇ. ಇವರೇ ಎಲ್ಲರಿಗಿಂತ ದೊಡ್ಡವರು ಎಂದು ನಾನು ಲೆಕ್ಕ ಹಾಕಿದೆ. ದೊಡ್ಡವರು ಎಲ್ಲಿ ಮಾತಾಡುತ್ತಾರೆ!

ಸಂದರ್ಶನದ ಮೇಲೆ ಧನ್ಯವಾದ ಪತ್ರ ಕೊಟ್ಟರೆ ಕೆಲಸ ಖಾತ್ರಿ ಎಂದು ಯಾರೋ ತಲೆಯಲ್ಲಿ ತುಂಬಿದ್ದರು. ನನ್ನ ಅಕ್ಷರವೋ, ಕೋಳಿ ಕೆದರಿದ ಹಾಗೆ. ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಕಾಸಿಮ್ ಚಾಚಾನ ಹತ್ತಿರ ಹೋದೆ.

“ಮೂರಾ? ನೂರಕ್ಕಿಂತ ಕಮ್ಮಿ ಛಾಪಂಗಿಲ್ಲ ಬೇಟಿ. ಮಷೀನ್ ತೊಳ್ಯೋ ಮೆಹನತ್ ಅಷ್ಟೇ ಅದ.”

ನೂರು ಛಾಪಿಸಿದ. ಮೇಲೆ ಗಣಪತಿ, ನಡುವೆ ‘ನನ್ನನ್ನು ಕರೆದು, ಕೂಡಿಸಿ, ಮಾತಾಡಿಸಿದ್ದಕ್ಕೆ ಧನ್ಯವಾದ’, ಕೆಳಗೆ ನನ್ನ ಹೆಸರು, ವಿಳಾಸ, ಅದರಡಿ ‘ತಮ್ಮ ಆಗಮನವೇ ಉಡುಗೊರೆ’. ಇದ್ಯಾಕೆ ಎಂದರೆ, “ಲಗ್ನಪತ್ರಿಕೆ ಬ್ಲಾಕಿನಾಗೇ ಅದ, ತಗೀಲಾಕ ಬರಂಗಿಲ್ಲ” ಅಂದ. ಮನೆಗೆ ತಂದರೆ ಅವ್ವ, “ಬರೇ ಪತ್ರ ಕೊಡಬಾರದವ್ವ” ಎಂದು ನೂರರ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದಳು. ಆ ಮೂವರಿಗೂ ಮುಟ್ಟಿಸಪ್ಪ ಎಂದು ಮೂರನ್ನು ಕಾಲೇಜಿನ ಜವಾನನ ಕೈಗಿಟ್ಟು ಬಂದೆ.

ಕಾಲೇಜಿನಿಂದ ಸುದ್ದಿಯೇ ಇಲ್ಲ. ಭಾನುವಾರ ಮಾತ್ರ ಮೂರನೆಯವರು, ಗುರುಲಿಂಗಪ್ಪನವರು, ಕಮಲಾಪುರದ ನಮ್ಮ ಮನೆಗೇ ಬಂದಿಳಿದರು. ಕೈಯಲ್ಲಿ ಮದುವೆಗೆ ಕೊಡುವ ಆಯೇರದ ಸೀರೆ! ಕಾರ್ಡಿನಲ್ಲಿ ತಾರೀಖಿಲ್ಲ, ಹಾಗಾಗಿ ತಮಗೆ ಬಿಡುವಾದ ದಿನ ಬಂದಿದ್ದರು. ಮದುವೆ ಇಲ್ಲ ಅಂದರೆ ನೌಕರಿ ಹೋದೀತೆಂದು ಅವ್ವ ತಟ್ಟನೆ ಹೋಳಿಗೆಗೆ ಕೂತಳು.

“ಮದಿಮಗ ಎಲ್ಲಿದ್ದಾನ್ರಿ?”

“ಹುಡುಕ್ಲಾಕತ್ತೀವ್ರಿ” ಅಂದಳು ಅವ್ವ.

“ಹಂಗಾರ ಮದಲ ನೌಕರಿ ಆಗ್ಲಿ ಬಿಡ್ರಿ.”

“ಅದು ನಿಮ್ಮ ಕೈಯಾಗೇ ಅದಲ್ರಿ!”

ಅವರು ಕಣ್ಣು ಕಣ್ಣು ಬಿಟ್ಟರು. “ನನ್ನ ಕೈಯಾಗ? ನಾ ಬೋರ್‌ವೆಲ್ ಹೊಡಿಯಾಂವ್ರಿ. ಕಾಲೇಜಿನಾಗ ಬೋರಿಗೆ ಜಾಗಾ ನೋಡ್ಲಾಕ ಹೋಗಿದ್ದೆ. ಚಹಾ ಕೊಟ್ರು, ಕುಂತೆ.”

ಹೋಳಿಗೆ ಹೆಂಚಿನ ಮೇಲೆಯೇ ಸೀದುಹೋಯಿತು. ನನಗೆ ಅಳುವೇ ಬಂತು. ಆ ಮನುಷ್ಯ ಸೀದ ಹೋಳಿಗೆಯನ್ನೇ ಮುರಿದು ತಿನ್ನುತ್ತ, “ಮೂವತ್ತು ವರ್ಷಾತು. ನೀರು ಬಿದ್ರ ದೇವರಿಗೆ ಕಾಯಿ ಒಡೀತಾರ, ಬೀಳದಿದ್ರ ನನಗ ಬೈತಾರ. ಪತ್ರ ಛಾಪಿಸಿ ಧನ್ಯವಾದ ಹೇಳಿದಾಕಿ ನೀ ಒಬ್ಬಾಕೇ ನೋಡವ್ವ. ಸೋಮವಾರ ನಮ್ಮ ಆಫೀಸಿಗೆ ಬಾ. ಸಂದರ್ಶನ ಆಗ್ಯದಲ್ಲ” ಅಂದರು. ಹೋಗುವಾಗ ಅವ್ವ ಅವರ ಕೈಗೆ ಒಂದು ಗೊನೆ ಕೆಂಪು ಬಾಳೆಹಣ್ಣು ಕೊಟ್ಟಳು.

ಸೋಮವಾರ ಹೋಗಿ ಕೆಲಸಕ್ಕೆ ಸೇರಿ, ಉಳಿದ ಕಾರ್ಡುಗಳನ್ನು ಬೋರಿನ ಗಿರಾಕಿಗಳಿಗೆ ಹಂಚಿದೆ. ನೀರು ಬೀಳದ ಬೋರಿಗೂ ಧನ್ಯವಾದವೇ ಎಂದು ಮಹಾಗಾಂವದ ರೈತನೊಬ್ಬ ಕಾರ್ಡು ಹಿಡಿದೇ ಜಗಳಕ್ಕೆ ಬಂದ. ಕೂಡಿಸಿ, ಮಾತಾಡಿಸಿ, ಇನ್ನೊಂದು ಕಾರ್ಡು ಕೊಟ್ಟು ಕಳಿಸಿದೆ. ಈಗ ಆ ಆಫೀಸನ್ನು ನಾನೇ ನೋಡಿಕೊಳ್ಳುತ್ತೇನೆ.

ಅದಿರಲಿ, ಹುಡುಗಿ ‘ಮೂವರಿಗೂ’ ಅಂದಿದ್ದಳಲ್ಲ? ಪ್ರಶ್ನೆ ಕೇಳಿದ್ದು ನಾನು, ನಮ್ಮ ಮ್ಯಾನೇಜರು, ಇಬ್ಬರೇ. ಮೂರನೆಯ ಕುರ್ಚಿಯಲ್ಲಿದ್ದವನು ಏಸಿ ರಿಪೇರಿಯ ಇಮ್ರಾನ್. ಏಣಿ ಬರಲಿ ಎಂದು ಚಹಾ ಕುಡಿಯುತ್ತ ಕೂತಿದ್ದ. ಕರೆದು ಮೆಸೇಜು ತೋರಿಸಿದೆ. ಎರಡು ಸಲ ಓದಿದ.

“ನನಗ ಇದು ಕಳಸ್ರಿ ಮ್ಯಾಡಂ. ಮನ್ಯಾಗ ತೋರಸ್ತೀನಿ.”

ಕಳಿಸಿದೆ. ಆಮೇಲೆ ಅಡ್ಡಗೆರೆ ಅಳಿಸಿ ಹುಡುಗಿಗೆ ಫೋನು ಹಚ್ಚಿದೆ.

“ಸೋಮವಾರದಿಂದ ಬರ್ರಿ” ಅಂದೆ. “ನಮ್ಮ ಮೂರನೇ ಸಾಹೇಬ್ರಿಗೆ ನೀವು ಭಾಳ ಪಸಂದ ಬಂದೀರಿ.”