ಯಾರದೂ ಅಲ್ಲದ ನಾಯಿ

ಮೊನ್ನೆ ಯಳಂದೂರಿನ ನಮ್ಮ ಬೀದಿಯಲ್ಲಿ ಎದುರುಮನೆಯ ನಾಯಿ ಒಂದು ಮಗುವಿನ ಮೊಣಕಾಲಿಗೆ ಬಾಯಿ ಹಾಕಿತು. ಎದುರುಮನೆಯಾಕೆ ಹಿಟ್ಟಿನ ಕೈಯಲ್ಲೇ ಓಡಿಬಂದು, "ನಮ್ದೇ ನಾಯಿ ಕಣವ್ವ, ನಮ್ದೇ. ಆಸ್ಪತ್ರೆಗೆ ನಾನೇ ಕರ್ಕಂಡೋಯ್ತೀನಿ" ಎಂದಳು. ಮಗುವಿನ ತಾಯಿ ಬಾಯಿಗೆ ಬಂದಂತೆ ಬೈದಳು. ನಾನು ಬಾಗಿಲಲ್ಲಿ ನಿಂತು ಅಳುತ್ತಿದ್ದೆ. ಮುದುಕಿಯರು ಸುಮ್ಮಸುಮ್ಮನೆ ಅಳುತ್ತಾರೆಂದು ಸೊಸೆ ಕಾಫಿ ತಂದುಕೊಟ್ಟಳು. ಸುಮ್ಮನೆ ಅಲ್ಲ. ಕುಳಿತುಕೊಳ್ಳಿ, ಹೇಳುತ್ತೇನೆ.

ಅರವತ್ತರ ದಶಕ, ನನಗಿನ್ನೂ ಲಂಗದ ವಯಸ್ಸು. ಧನಗೆರೆಯ ಹತ್ತಿರದ ನಮ್ಮೂರಲ್ಲಿ ಪಕ್ಕದ ಮನೆಯ ಪುಟ್ಟಮಾದ ರೇಷ್ಮೆಹುಳು ಸಾಕುತ್ತಿದ್ದ. ಅವನ ಹಿಪ್ಪುನೇರಳೆ ತೋಟಕ್ಕೆ ಕರಿಯ ಎಂಬ ನಾಯಿಯ ಕಾವಲು. ಪುಟ್ಟಮಾದ ಕೆಟ್ಟವನಲ್ಲ, ಪುಕ್ಕಲ. ಪುಕ್ಕಲುತನದಲ್ಲಿ ನಾನೇನೂ ಕಡಿಮೆಯಿಲ್ಲ ಅನ್ನಿ. ಇವತ್ತಿಗೂ ನಾಯಿ ಕಂಡರೆ ಬೀದಿ ಬದಲಿಸುತ್ತೇನೆ. ನನ್ನ ತಂಗಿ ಚಿಕ್ಕತಾಯಿಗೆ ಆ ಭಯವಿರಲಿಲ್ಲ. ಹಣ್ಣು ಕೀಳಲು ತೋಟಕ್ಕೆ ನುಗ್ಗಿದವಳ ಮುಂಗೈಯನ್ನು ಕರಿಯ ಕಚ್ಚಿತು.

ಅಪ್ಪ ಅವಳನ್ನು ಹೊತ್ತುಕೊಂಡು ಕೊಳ್ಳೇಗಾಲದ ಆಸ್ಪತ್ರೆಗೆ ಹೋದರು. ಗಾಯ ತೊಳೆದ ಡಾಕ್ಟರು, "ನಾಯಿನ ಹತ್ತು ದಿನ ಕಟ್ಟಾಕಿ ನೋಡ್ಕೊಳ್ರಿ, ಹುಚ್ಚಿದ್ಯೋ ಏನೋ. ಸತ್ರೆ, ಇಲ್ಲಾ ಕಾಣೆಯಾದ್ರೆ, ತಕ್ಷಣ ಮಗೂನ ಕರ್ಕೊಂಡು ಬನ್ನಿ, ಹೊಟ್ಟೆಗೆ ಸೂಜಿ ಹಾಕ್ಬೇಕು" ಎಂದರಂತೆ.

ನೇರ ಮಾತು. ಅಷ್ಟರಲ್ಲಿ ಯಾರೋ ಪುಟ್ಟಮಾದನ ಕಿವಿಯೂದಿದ್ದರು: ನಾಯಿ ಸಾಕಿದವನೇ ಹೊಣೆ, ಕೋರ್ಟಿಗೆ ಹೋದರೆ ಜೈಲು. ಪಂಚಾಯ್ತಿ ಸೇರಿದಾಗ ಅವನು, "ಅದು ನನ್ ನಾಯಲ್ಲ ಸಾಮಿ, ಬೀದೀದು. ತಂಗಳು ಆಕ್ತಿದ್ದೆ, ಅಷ್ಟೆಯಾ" ಎಂದ.

"ಮಾದಪ್ಪನ ಮ್ಯಾಲೆ ಆಣೆ ಮಾಡೀಯಾ?" ಎಂದರು ಯಜಮಾನರು.

ಪುಟ್ಟಮಾದ ಉರಿಯುವ ಕರ್ಪೂರವನ್ನು ಅಂಗೈಯಿಂದ ತಟ್ಟಿ ಆರಿಸಿದ. ನಮ್ಮ ಸೀಮೆಯಲ್ಲಿ ಅದಾದ ಮೇಲೆ ಮಾತಿಲ್ಲ.

ಕರಿಯನನ್ನು ಈಗ ಕಟ್ಟುವವರು ಯಾರು? ಪುಟ್ಟಮಾದ ಕಟ್ಟಿದರೆ ಆಣೆ ಸುಳ್ಳಾಗಿ ದೇವರು ಮುನಿಯುತ್ತಾನೆ. ಅಪ್ಪ ಹಗ್ಗ ಹಿಡಿದು ಹೊರಟರೆ ಯಜಮಾನರೇ ತಡೆದರು: "ಬ್ಯಾಡ ಕಣಪ್ಪ. ನೀ ಕಟ್ಟುದ್ರೆ ನಿನ್ ನಾಯೇ ಆಯ್ತದೆ. ನಾಳೆ ಇನ್ನೊಬ್ರುನ್ನ ಕಚ್ಚುದ್ರೆ ನೀನೇ ಒಣೆ." ಅಪ್ಪ ಹಗ್ಗ ಸುತ್ತಿಟ್ಟರು. ದೊಡ್ಡವರೆಲ್ಲ ಸೇರಿ ಎಷ್ಟು ಅಚ್ಚುಕಟ್ಟಾಗಿ ದಡ್ಡರಾಗಬಹುದೆಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ಕರಿಯ ಮನೆಯ ಕಡೆ ಸುಳಿಯಲಿಲ್ಲ. ಅಪ್ಪ ದಿನವೂ ವಿಚಾರಿಸುವರು. ಒಬ್ಬ ಕೆರೆ ಏರಿಯ ಮೇಲೆ ಕಂಡೆ ಎನ್ನುವನು, ಇನ್ನೊಬ್ಬ ಹನೂರು ರಸ್ತೆಯಲ್ಲಿ ಎನ್ನುವನು. ಎಲ್ಲರೂ ನಮಗೆ ಧೈರ್ಯ ಹೇಳುವ ಒಳ್ಳೆಯವರೇ. ಊರಲ್ಲಿ ಕರಿ ನಾಯಿಗಳಿಗೇನು ಬರವೇ? ಕಂಡದ್ದೆಲ್ಲ ಕರಿಯನೇ ಆಯಿತು. ನಾಯಿ ಬದುಕಿದೆಯೆಂದು ನಂಬಿ ಅಪ್ಪ ಮತ್ತೆ ಕೊಳ್ಳೇಗಾಲಕ್ಕೆ ಹೋಗಲಿಲ್ಲ.

ಗಾಯ ಮಾಗಿ, ಅದರ ನೆನಪೂ ಮಾಸುತ್ತಿದ್ದ ಹೊತ್ತಿಗೆ ಒಂದು ಬೆಳಿಗ್ಗೆ ಅವ್ವ ಕೊಟ್ಟ ನೀರಿನ ಚೊಂಬು ಕಂಡು ಚಿಕ್ಕತಾಯಿ ಚೀರಿದಳು. ಮುಂದಿನದನ್ನು ನಾನು ಯಾರಿಗೂ ಹೇಳಿಲ್ಲ; ನಿಮಗೂ ಹೇಳುವುದಿಲ್ಲ.

ಮಣ್ಣು ಮಾಡುವಲ್ಲಿಗೆ ಪುಟ್ಟಮಾದ ಬಂದ. ಅಪ್ಪನ ಕಾಲ ಬಳಿ ಕುಸಿದು, "ನನ್ ನಾಯೇ ಕಣಣ್ಣ. ಮರಿಯಿಂದ ನಾನೇ ಸಾಕಿದ್ದು. ಕಚ್ಚಿದ್ ಮೂರ್ನೇ ದಿನ್ಕೇ ತೋಟದಲ್ಲಿ ಸತ್ ಬಿದ್ದಿತ್ತು. ಊತಾಕ್ಬುಟ್ಟೆ" ಎಂದ.

ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. "ಅವತ್ತೇ ಏಳಿದ್ರೆ ನಿನ್ ಕಾಲ್ ಕಟ್ಕತಿದ್ದನಲ್ಲೋ" ಎಂದಷ್ಟೇ ಅಂದರು.

ಎದುರುಮನೆಯಾಕೆ ನಾಯಿಯನ್ನು ಜಗಲಿಯ ಕಂಬಕ್ಕೆ ಕಟ್ಟಿದ್ದಾಳೆ. ಮಗುವಿಗೆ ಆ ದಿನವೇ ಸೂಜಿ ಹಾಕಿಸಿದ್ದಾರೆ, ಭಯವಿಲ್ಲವೆಂದು ಡಾಕ್ಟರೂ ಹೇಳಿದ್ದಾರೆ. ಆದರೂ ನಾನು ಬೆಳಿಗ್ಗೆ ಎದ್ದವಳೇ ಬೀದಿ ದಾಟಿ ಹೋಗಿ, ಅದು ನೀರು ಕುಡಿಯುವವರೆಗೆ ಎದುರಿಗೇ ನಿಂತಿರುತ್ತೇನೆ.